ಒಗ್ಗಟ್ಟಿಲ್ಲವೆಂಬ ನೆಪ

“ನಮ್ಮ ಜನರಲ್ಲಿ ಒಗ್ಗಟ್ಟಿಲ್ಲ, ಇವರನ್ನು ಕಟ್ಟಿಕೊಂಡು ಏನು ಮಾಡಲು ಸಾಧ್ಯ?” ಎಂದು ನಿಟ್ಟುಸಿರಿಡುವ ಮಹನೀಯರು ಎಲ್ಲ ಊರುಗಳಲ್ಲೂ ಇದ್ದಾರೆ. ಹೋರಾಟದಿಂದ ನುಣುಚಿಕೊಳ್ಳಲು ಇದಕ್ಕಿಂತ ಸುಲಭವಾದ ನೆಪ ಇನ್ನೊಂದಿಲ್ಲ. ಒಗ್ಗಟ್ಟೆಂಬುದು ಜನರ ರಕ್ತದಲ್ಲಿರುವ ಗುಣವೇ? ಖಂಡಿತ ಅಲ್ಲ. ಅದು ಪರಸ್ಪರ ಭರವಸೆಯ ಪ್ರಶ್ನೆ.

1951ಕ್ಕೆ ಮುಂಚಿನ ಸಾಗರ ಸೀಮೆಯ ಗೇಣಿದಾರನನ್ನು ನೋಡಿ. ಗೇಣಿ ಅಳೆಯುವ ಕೊಳಗ ನ್ಯಾಯಕ್ಕಿಂತ ದೊಡ್ಡದೆಂದು ಅವನಿಗೆ ಗೊತ್ತಿತ್ತು, ನೆರೆಯವನಿಗೂ ಗೊತ್ತಿತ್ತು. ಆದರೂ ಇಬ್ಬರೂ ಅಳೆದು ಕೊಡುತ್ತಿದ್ದರು. ಏಕೆ? ಒಬ್ಬನೇ ಕೊಡೆನೆಂದರೆ ಅವನ ಗದ್ದೆ ಇನ್ನೊಬ್ಬನ ಪಾಲು. ಎಲ್ಲರೂ ಕೊಡೆವೆಂದರೆ ಒಡೆಯ ಯಾರಿಂದ ಉಳುಮೆ ಮಾಡಿಸಿಯಾನು? “ಉಳಿದವರು ನಿಲ್ಲುವರೋ ಇಲ್ಲವೋ” ಎಂಬ ಒಂದೇ ಶಂಕೆ ಎಲ್ಲರ ಕೈ ಕಟ್ಟಿತ್ತು. ಅದು ಹೇಡಿತನವಲ್ಲ, ಹೆಂಡತಿ ಮಕ್ಕಳಿದ್ದವನ ಲೆಕ್ಕ.

ಆ ಶಂಕೆಯನ್ನು ಮುರಿದದ್ದು ಉಪದೇಶವಲ್ಲ. ಎಚ್. ಗಣಪತಿಯಪ್ಪನವರಂಥವರು ಕಟ್ಟಿದ ರೈತ ಸಂಘ ಎಲ್ಲರೂ ಒಂದೇ ಬಾಯಲ್ಲಿ ಹೇಳಬಲ್ಲ ಬೇಡಿಕೆಯನ್ನು ಮುಂದಿಟ್ಟಿತು: ಕೊಳಗ ನ್ಯಾಯವಾಗಿರಲಿ. 1951ರ ಏಪ್ರಿಲ್ 18ರಂದು ಕಾಗೋಡಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ರೈತರು ತಂಡ ತಂಡವಾಗಿ ಗದ್ದೆಗಿಳಿದು, ಊರೆಲ್ಲ ನೋಡುತ್ತಿರುವಂತೆ ಸೆರೆಯಾದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಹೋದವರನ್ನು ಕಣ್ಣಾರೆ ಕಂಡವನಿಗೆ ಬೇರೆ ಭರವಸೆ ಏತಕ್ಕೆ?

ಕೂಡಲೇ ಜಯ ಸಿಗಲಿಲ್ಲ, ನಿಜ. ಆದರೆ 1952ರಲ್ಲಿ ಅದೇ ಸೀಮೆ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯ ಬುಡಕ್ಕೇ ಕೊಡಲಿ ಹಾಕಿತು.

ಈ ಗುಟ್ಟು ಧಣಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಬ್ಬೊಬ್ಬನನ್ನೇ ಕರೆದು “ನಿನ್ನದು ಬೇರೆ ಮಾತು, ಅವರ ಸಹವಾಸ ಬೇಡ” ಎನ್ನುವುದು ಅವರ ಹಳೆಯ ತಂತ್ರ. ಇಂದು ಗುತ್ತಿಗೆ ಕಾರ್ಮಿಕನ ರುಜು ಬೀಳುವುದು ಮುಚ್ಚಿದ ಬಾಗಿಲ ಹಿಂದೆ. ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಅವನ ಕೂಲಿಯನ್ನು ಮೊಬೈಲಿನ ಪರದೆ ಅವನೊಬ್ಬನಿಗೇ ತೋರಿಸುತ್ತದೆ. ಪಕ್ಕದವನ ಕೂಲಿ ತಿಳಿಯದವನು ಪಕ್ಕದವನೊಡನೆ ಹೇಗೆ ನಿಂತಾನು? ಹೀಗೆ ಬಿಡಿಬಿಡಿಯಾಗಿ ಕಟ್ಟಿಹಾಕಿ, ಆಮೇಲೆ ಒಗ್ಗಟ್ಟಿಲ್ಲವೆಂದು ಹಂಗಿಸುವುದು ಯಾವ ನ್ಯಾಯ?

“ಎಲ್ಲರೂ ಒಪ್ಪಲಿ, ಆಮೇಲೆ ನಾನು” ಎನ್ನುವ ನಮ್ಮವರಿಗೂ ಒಂದು ಮಾತು. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬುದು ಸರಿ. ಹತ್ತೂ ಜನ “ಮೊದಲು ನೀನು ತಾ” ಎಂದು ಕೂತರೆ ಹೊರೆ ಎಲ್ಲಿಂದ ಬರಬೇಕು?

ಆದುದರಿಂದ ಬೇಡಿಕೆ ಒಂದೇ ಇರಲಿ, ಮಗುವಿಗೂ ತಿಳಿಯುವಂತಿರಲಿ. ದಿನ ಗೊತ್ತುಮಾಡಿ ಸಾರಿ ಹೇಳಿ. ತೀರ್ಮಾನ ಬಹಿರಂಗ ಸಭೆಯಲ್ಲೇ ಆಗಲಿ. ಒಂಟಿ ರುಜು ಯಾರೂ ಹಾಕಬೇಡಿ. ಮೊದಲು ಹೆಜ್ಜೆಯಿಟ್ಟವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಉಳಿದವರ ಹೊಣೆ. ಆ ಹೊಣೆ ಹೊರಲಾರದವರಿಗೆ ಜನರ ಒಗ್ಗಟ್ಟಿನ ಬಗ್ಗೆ ಮಾತನಾಡುವ ಅಧಿಕಾರವಿಲ್ಲ.