ಬ್ರಾಂದಿ ಅಂಗಡಿಗೆ ಬೀಗವಿಲ್ಲ, ಭವನಕ್ಕೆ ಬಾಗಿಲಿಲ್ಲ

ಹಳ್ಳಿಯಲ್ಲಿ ಒಂದು ಕುಡಿಯೋ ಅಂಗಡಿ ಯಾಕೆ ಗೆಲ್ಲುತ್ತೆ, ಯಾಕೆ ಸೋಲುತ್ತೆ? ಈ ಪ್ರಶ್ನೆಯನ್ನ ಅಂಗಡಿ ಮಾಲೀಕ ದಿನಾ ರಾತ್ರಿ ಗಲ್ಲಾ ಎಣಿಸುವಾಗ ಕೇಳಿಕೊಳ್ತಾನೆ. ಅಬಕಾರಿ ಇಲಾಖೆ ಪ್ರತಿ ತಿಂಗಳೂ ಕೇಳುತ್ತೆ. ಕೇಳದೆ ಇರೋರು ನಾವು ಮಾತ್ರ. ನಮ್ಮ ಬಾಯಿಗೆ ಬೇರೆಯೇ ಒಂದು ಪ್ರಶ್ನೆ ತುರುಕಿದ್ದಾರೆ: 'ಈ ಜನ ಯಾಕಿಷ್ಟು ಕುಡೀತಾರೆ?' ಅದು ನಮ್ಮ ಪ್ರಶ್ನೆ ಅಲ್ಲ. ಜಗಲಿ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಾ ಊರಿನ ಯಜಮಾನರು ಕೇಳಿದ ಪ್ರಶ್ನೆ. ಅದನ್ನೇ ಓದಿದ ನಾವು ಹಾಸ್ಟೆಲ್ಲಿನಿಂದ ರಜಕ್ಕೆ ಹೋದಾಗ ನಮ್ಮ ಅಪ್ಪಂದಿರಿಗೆ ಕೇಳ್ತೀವಿ. ಅವರು ತಲೆ ತಗ್ಗಿಸ್ತಾರೆ. ಅಂಗಡಿ ಮಾಲೀಕ ತಲೆ ಎತ್ತಿಕೊಂಡೇ ಇರ್ತಾನೆ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಶೆಟ್ಟಿಹಳ್ಳಿ ಅನ್ನೋ ಹೆಸರು ಮತ್ತೆ ಮತ್ತೆ ಸಿಗುತ್ತೆ. ಒಂದು ಶೆಟ್ಟಿಹಳ್ಳಿಯಂತೂ ತುಮಕೂರು ಸಿಟಿಯ ಹೊಟ್ಟೆಯೊಳಗೇ ಸೇರಿಹೋಗಿದೆ. ಯಾವ ಶೆಟ್ಟಿಹಳ್ಳಿ ಅಂತ ಕೇಳಬೇಡಿ. ತೆಂಗಿನ ತೋಟ, ಅಡಿಕೆ ತೋಟ ಯಾರದು, ಮರ ಹತ್ತಿ ಕಾಯಿ ಕೀಳೋರು ಯಾರು, ಕೂತು ಸುಲಿಯೋರು ಯಾರು ಅಂತ ನೋಡಿ. ಎಲ್ಲಾ ಊರೂ ಒಂದೇ ಊರಾಗಿ ಕಾಣುತ್ತೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ ಅಂತ ಇದೆ. ಪಬ್ಲಿಕ್ ಹೌಸ್, ಅಂದರೆ ಸಾರ್ವಜನಿಕರ ಮನೆ. ಜಾರ್ಜ್ ಆರ್ವೆಲ್ 1946ರಲ್ಲಿ ಒಂದು ಲೇಖನ ಬರೆದ. ಒಳ್ಳೆ ಪಬ್ಬು ಹೇಗಿರಬೇಕು ಅಂತ ಅದರಲ್ಲಿ ಪಟ್ಟಿ ಮಾಡಿದ. ಮಾತಾಡೋಕೆ ಆಗುವಷ್ಟು ಸದ್ದಿಲ್ಲದೆ ಇರಬೇಕು, ತಿನ್ನೋಕೆ ಸಿಗಬೇಕು, ಬಂದವರ ಹೆಸರು ಬಡಿಸೋರಿಗೆ ಗೊತ್ತಿರಬೇಕು, ಹೆಂಗಸರು ಮಕ್ಕಳು ಬಂದು ಕೂರೋಕೆ ಹಿತ್ತಲಲ್ಲಿ ತೋಟ ಇರಬೇಕು. ಬೀರಿಗಿಂತ ಅಲ್ಲಿನ ವಾತಾವರಣವೇ ಮುಖ್ಯ ಅಂದ. ಕೊನೆಗೆ, ಅಂಥ ಪಬ್ಬು ಎಲ್ಲೂ ಇಲ್ಲ ಅಂತಲೂ ಅವನೇ ಒಪ್ಪಿಕೊಂಡ. ಇರಲಿ. ಅವನು ಹೇಳಿದ್ದರ ತಿರುಳು ಇಷ್ಟೆ: ಜನ ಬರೋದು ಕುಡಿಯೋಕೆ ಮಾತ್ರ ಅಲ್ಲ, ಕೂರೋಕೆ.

ಈ ಮಾತನ್ನ ನಮ್ಮೂರಿಗೆ ತಂದು ನೋಡಿ. ದುಡಿದು ಬಂದ ನಮ್ಮಪ್ಪ ಸಾಯಂಕಾಲ ಎಲ್ಲಿ ಕೂರಬೇಕು? ಅರಳಿಕಟ್ಟೆ ಮೇಲಾ? ದೇವಸ್ಥಾನದ ಜಗಲಿ ಮೇಲಾ? ಗೌಡರ ಪಡಸಾಲೆಯಲ್ಲಾ? ಹೋಟೆಲ್ಲಿನ ಬೆಂಚಿನ ಮೇಲಾ? ನೀರಿಗಾಗಿ 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಮಾಡಬೇಕಾಯ್ತು. ದೇವಸ್ಥಾನದ ಬಾಗಿಲಿಗಾಗಿ 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ನಿಲ್ಲಬೇಕಾಯ್ತು. ಸಾರಾಯಿ ಅಂಗಡಿ ಪ್ರವೇಶಕ್ಕೆ ಮಾತ್ರ ಯಾರೂ ಸತ್ಯಾಗ್ರಹ ಮಾಡಬೇಕಾಗಲಿಲ್ಲ! ಆ ಬಾಗಿಲನ್ನ ನಮಗಾಗಿ ಮೊದಲ ದಿನವೇ ತೆಗೆದಿಟ್ಟಿದ್ದರು. ನಮ್ಮ ಕೈ ಮೈಲಿಗೆ, ಕೈಯಲ್ಲಿದ್ದ ಕಾಸು ಮಡಿ!

ಅಲ್ಲೂ ಲೋಟ ಬೇರೆ ಇಟ್ಟಿದ್ದ ಊರುಗಳು ಎಷ್ಟೋ. ಅಸ್ಪೃಶ್ಯತೆ ಅಪರಾಧ ಅಂತ ಕಾಯಿದೆ ಬಂದದ್ದು 1955ರಲ್ಲಿ. ಅದಾಗಿ ಎಷ್ಟೋ ವರ್ಷವಾದರೂ ಹೋಟೆಲ್ಲುಗಳಲ್ಲಿ ಎರಡು ಲೋಟ ಹೋಗಲಿಲ್ಲ. ಆಮೇಲೆ ಕುಡಿದು ಎಸೆಯೋ ಪ್ಲಾಸ್ಟಿಕ್ ಲೋಟ ಬಂತು, ಯಾರ ಎಂಜಲನ್ನ ಯಾರೂ ತೊಳೆಯೋ ಗೋಜಿಲ್ಲ. ಕಾಯಿದೆ ಮಾಡದ್ದನ್ನ ಪ್ಲಾಸ್ಟಿಕ್ ಮಾಡಿತು. ಇದನ್ನೇ ಸಮಾನತೆ ಅಂತ ನಂಬಿ ಕೂತಿದ್ದೀವಲ್ಲ ಗೆಳೆಯರೆ, ಇದು ಯಾವ ಸಮಾನತೆ?

ಅಂಗಡಿ ಗೆಲ್ಲೋ ಗುಟ್ಟು ಇಲ್ಲಿದೆ. ಒಂದು: ಊರಿನಲ್ಲಿ ನಮಗೆ ಕೂರೋಕೆ ಬೇರೆ ಜಾಗ ಇಲ್ಲ. ಎರಡು: ಭೂಮಿ ಇಲ್ಲ, ಅಂದಂದಿನ ಕೂಲಿ ಅಂದಂದೇ ಸಾಯಂಕಾಲ ಕೈಗೆ ಬರುತ್ತೆ. ಆ ಹೊತ್ತಿಗೆ ಬ್ಯಾಂಕ್ ಮುಚ್ಚಿರುತ್ತೆ, ಸೊಸೈಟಿ ಮುಚ್ಚಿರುತ್ತೆ, ಆಸ್ಪತ್ರೆ ಮುಚ್ಚಿರುತ್ತೆ. ತೆರೆದಿರೋದು ಅದೊಂದೇ. ಮೂರು: ಮೈ ನೋವು. ದಿನವೆಲ್ಲ ಮರ ಹತ್ತಿ ಇಳಿದವನ ತೊಡೆ, ಚರಂಡಿ ಬಳಿದವಳ ಸೊಂಟ, ಇದಕ್ಕೆ ಯಾವ ಡಾಕ್ಟರೂ ಔಷಧಿ ಬರೆದುಕೊಟ್ಟಿಲ್ಲ. ನಾಲ್ಕು: ಬಾಟ್ಲಿ ಅಂಗಡಿಯಲ್ಲೇ ಇರಲ್ಲ, ಪೆಟ್ಟಿಗೆ ಪೆಟ್ಟಿಗೆಯಾಗಿ ಚಿಲ್ಲರೆ ಅಂಗಡಿಗೆ ಬರುತ್ತೆ. ಅಲ್ಲಿ ಸಾಲ ಸಿಗುತ್ತೆ. ಆ ಸಾಲದ ಲೆಕ್ಕ ಬರೆಯೋದು ನಮ್ಮಪ್ಪನಲ್ಲ, ಅಂಗಡಿಯವನು. ಐದು: ಎಲೆಕ್ಷನ್. ಆ ವಾರ ಕಾಸೇ ಬೇಡ. ಐದು ವರ್ಷದ ಓಟು ಒಂದು ಕ್ವಾರ್ಟರಿಗೆ ಮುಗೀತು.

ಇದರಲ್ಲಿ ಯಾವುದಾದರೂ 'ನಮ್ಮ ಜನರ ಗುಣ'ವಾ? ಒಂದೂ ಅಲ್ಲ. ಎಲ್ಲಾ ಊರಿನ ವ್ಯವಸ್ಥೆ. ಬೆಂಗಳೂರಿನ ಪಬ್ಬಿನಲ್ಲಿ ಕುಡಿದರೆ ಅದು ಸಂಸ್ಕೃತಿ, ಕೇರಿಯಲ್ಲಿ ಕುಡಿದರೆ ಅದು ಹುಟ್ಟುಗುಣ! ಇದು ಪುರೋಹಿತಶಾಹಿಯ ಹಳೇ ಲೆಕ್ಕ.

ಸರ್ಕಾರದ ಲೆಕ್ಕವನ್ನೂ ನೋಡೋಣ. ಹಿಂದೆ ಸಾರಾಯಿಯನ್ನ ಹರಾಜು ಹಾಕ್ತಿದ್ದರು. ಹೆಚ್ಚು ಕೂಗಿದ ಕಂಟ್ರಾಕ್ಟರಿಗೆ ತಾಲ್ಲೂಕೇ ಸಿಗ್ತಿತ್ತು. ಅವನ ದುಡ್ಡಲ್ಲಿ ರಾಜಕೀಯ ನಡೀತಿತ್ತು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತರು. 2003ರಲ್ಲಿ ಸರ್ಕಾರ ಪಾನೀಯ ನಿಗಮ ಮಾಡಿತು, ಸಗಟು ವ್ಯಾಪಾರ ತಾನೇ ಹಿಡಿಯಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯಿತು. ಪಾಕೀಟು ಹೋಯ್ತು. ಕುಡಿತ ಹೋಯ್ತಾ? ಮುಂದಿನ ವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ತಮಿಳುನಾಡಿನ ಗಡಿಯಲ್ಲಿ ಮತ್ತೆ ಕಳ್ಳಭಟ್ಟಿ ಕುಡಿದು ಒಂದೂವರೆ ನೂರು ಜನ ಹೋದರು. ಉಳಿದವರು ಪಾಕೀಟು ಬಿಟ್ಟು ನೈಂಟಿ ಹಿಡಿದರು. ಸಾರಾಯಿಗಿಂತ ದುಬಾರಿ, ಆದರೆ ಸರ್ಕಾರಕ್ಕೆ ಲಾಭ.

ಸರ್ಕಾರದ್ದೇ ಕಂಪನಿ ಎಂಎಸ್‌ಐಎಲ್. ಅದರ 'ಲೇಖಕ್' ನೋಟ್ ಪುಸ್ತಕ ನಿಮ್ಮಲ್ಲಿ ಎಷ್ಟೋ ಜನರ ಟ್ರಂಕಿನಲ್ಲಿ ಇದ್ದೀತು. ಅದೇ ಕಂಪನಿ ಮದ್ಯದಂಗಡಿಯನ್ನೂ ನಡೆಸುತ್ತೆ. ಮಗನಿಗೆ ನೋಟ್ ಪುಸ್ತಕ, ಅಪ್ಪನಿಗೆ ಬಾಟ್ಲಿ! 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಅದೇ ಬಜೆಟ್ಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಇಟ್ಟದ್ದು 42,018 ಕೋಟಿ. ಆ 40,000 ಕೋಟಿಯೆಲ್ಲ ನಮ್ಮ ಕೇರಿಯದ್ದಲ್ಲ ನಿಜ, ಸಿಟಿಯ ದೊಡ್ಡೋರ ಗ್ಲಾಸಿನದ್ದೂ ಇದೆ. ಆದರೆ ದೊಡ್ಡೋರು ಕುಡಿದರೆ ಅವರ ಮಗಳು ಇಸ್ಕೂಲು ಬಿಡಲ್ಲ. ನಮ್ಮೋರು ಕುಡಿದರೆ ಮೊದಲು ನಿಲ್ಲೋದು ಮಗಳ ಓದು. ಹಾಗಾಗಿ ಎರಡೂ ಅಂಕಿಗಳನ್ನ ಪಕ್ಕ ಪಕ್ಕ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿ. ಸಂವಿಧಾನದ 46ನೇ ವಿಧಿ ನಮಗೆ ವಿದ್ಯೆ ಕೊಡು ಅನ್ನುತ್ತೆ. 47ನೇ ವಿಧಿ ಮದ್ಯ ತಡೆ ಅನ್ನುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಸರ್ಕಾರಕ್ಕೆ ಎರಡೂ ಒಟ್ಟಿಗೆ ಕಾಣಲ್ಲ.

ನಮ್ಮಲ್ಲೇ ಕೆಲವರು ಗೆಳೆಯರು ಹೇಳ್ತಾರೆ: 'ಕುಡಿಯೋದು ಅವರವರ ಹಕ್ಕು. ಮಡಿವಂತರ ಮಾತನ್ನ ನಾವ್ಯಾಕೆ ಆಡಬೇಕು?' ಮಡಿವಂತರ ಮಾತು ಬೇಡ, ಸರಿ. ನಾವು ಪಾಪ ಪುಣ್ಯದ ಮಾತಾಡ್ತಿಲ್ಲ, ಲೆಕ್ಕದ ಮಾತಾಡ್ತಿದ್ದೀವಿ. ಹಕ್ಕು ಅಂದರೆ ಬೇಕು ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಜಾಗ ಇರಬೇಕು. ಊರಿನಲ್ಲಿ ಹತ್ತು ಬಾಗಿಲು ಮುಚ್ಚಿ ಒಂದೇ ಬಾಗಿಲು ತೆರೆದಿಟ್ಟರೆ, ಅದರೊಳಗೆ ಹೋಗೋದು ಹಕ್ಕಲ್ಲ, ದೂಡಿಸಿಕೊಳ್ಳೋದು. ಅವನ ಹಕ್ಕಿನ ಬೆಲೆಯನ್ನ ಹೆಂಡತಿ ತನ್ನ ಬೆನ್ನಿನ ಮೇಲೆ ಕಟ್ಟಬೇಕು ಅಂದರೆ, ಅವಳ ಹಕ್ಕಿನ ಬಗ್ಗೆ ಮಾತಾಡೋರು ಯಾರು?

ಹಾಗಾದರೆ ಅಂಗಡಿ ಸೋಲೋದು ಯಾವಾಗ? ಉಪದೇಶಕ್ಕೆ ಸೋತದ್ದಿಲ್ಲ. ಬರೀ ಕಾನೂನಿಗೂ ಸೋತದ್ದಿಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಶುರುವಾದದ್ದು ಅಕ್ಷರ ಕಲಿಯೋ ತರಗತಿಯಲ್ಲಿ. ಕೂತು ಮಾತಾಡೋಕೆ ಒಂದು ಜಾಗ ಸಿಕ್ಕಿತು, ಮಾತು ಹೋರಾಟ ಆಯಿತು. 1993ರಲ್ಲಿ ಆ ರಾಜ್ಯದಲ್ಲೆಲ್ಲ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂತು. 1997ರಲ್ಲಿ ಸರ್ಕಾರವೇ ಅದನ್ನ ಸಡಿಲ ಮಾಡಿತು. ಪಾಠ ಏನು? ಸರ್ಕಾರ ಕೊಟ್ಟದ್ದನ್ನ ಸರ್ಕಾರ ಕಿತ್ಕೊಳ್ಳುತ್ತೆ. ನಾವು ಕಟ್ಟಿದ ಜಾಗವನ್ನ ಕಿತ್ಕೊಳ್ಳೋದು ಕಷ್ಟ.

ನಮ್ಮ ಚಳವಳಿ 80ರ ದಶಕದಲ್ಲೇ ಇದನ್ನ ಹೇಳಿತ್ತು: 'ಹೆಂಡ ಬೇಡ, ವಸತಿ ಶಾಲೆ ಬೇಕು'. ಬೇಡ ಅಂದು ಸುಮ್ಮನಾಗಲಿಲ್ಲ, ಬೇಕು ಅನ್ನೋದನ್ನೂ ಅದೇ ಉಸಿರಲ್ಲಿ ಹೇಳಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಇದೇ ನಮ್ಮ ತುಮಕೂರಿನ ಹೆದ್ದಾರಿಯಲ್ಲೇ ಹೋದರು. ಅವರ ಕಾಲಲ್ಲಿ ಬೊಬ್ಬೆ ಎದ್ದಿತ್ತು, ವಿಧಾನಸೌಧದ ಕಿವಿಯಲ್ಲಿ ಹತ್ತಿ ಇತ್ತು.

ಈಗ ಕೆಲಸದ ಮಾತು. ಅಬಕಾರಿ ಪರವಾನಗಿಗಳ ಸಾಮಾನ್ಯ ಷರತ್ತುಗಳ ನಿಯಮ ಅಂತ 1967ರದ್ದು ಒಂದಿದೆ. ಅದರ 5ನೇ ನಿಯಮ ಓದಿ. ಶಾಲೆ, ಆಸ್ಪತ್ರೆ, ಗುಡಿಯಿಂದ 100 ಮೀಟರ್ ಒಳಗೆ ಅಂಗಡಿ ಇರಕೂಡದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿಯಲ್ಲೂ ಇರಕೂಡದು. ನಮ್ಮ ಕೇರಿಯ ಹೆಸರೆತ್ತಿ ಬರೆದಿರೋ ನಿಯಮ ಇದು. ನಮ್ಮೋರಿಗೇ ಗೊತ್ತಿಲ್ಲ.

ಈ ರಜಕ್ಕೆ ಊರಿಗೆ ಹೋಗೋ ಪ್ರತಿಯೊಬ್ಬರೂ ಒಂದು ಅಳತೆ ಟೇಪು ಹಿಡಿದು ಹೋಗಿ. ಅಂಗಡಿಯಿಂದ ಶಾಲೆಗೆ, ಅಂಗಡಿಯಿಂದ ಕೇರಿಗೆ ಎಷ್ಟು ಮೀಟರ್ ಅಳೆಯಿರಿ. ಯಾವ ಚಿಲ್ಲರೆ ಅಂಗಡಿಯಲ್ಲಿ ಬಾಟ್ಲಿ ಮಾರ್ತಾರೆ ಬರೆದುಕೊಳ್ಳಿ. ಅಬಕಾರಿ ಉಪ ಆಯುಕ್ತರಿಗೆ ಅರ್ಜಿ ಹಾಕಿ, ಸ್ವೀಕೃತಿ ಇಸ್ಕೊಳ್ಳಿ. ಗ್ರಾಮಸಭೆಯಲ್ಲಿ ಅವ್ವಂದಿರಿಂದಲೇ ಮಾತಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಭವನ ಕಟ್ಟಿದ್ದಾರೆ. ಬೀಗದ ಕೈ ಯಾರದೋ ಮನೆಯ ಗೂಟದಲ್ಲಿ ನೇತಾಡ್ತಿರುತ್ತೆ. ವರ್ಷಕ್ಕೊಂದು ದಿನ, ಏಪ್ರಿಲ್ 14ಕ್ಕೆ ಬಾಗಿಲು ತೆಗೀತಾರೆ. ಆ ರಾತ್ರಿ ಅದರ ಹಿಂದೆಯೇ ಬಾಟ್ಲಿ ಬೀಳುತ್ತೆ. ಆ ಬೀಗದ ಕೈ ಇಸ್ಕೊಳ್ಳಿ. ಸಾಯಂಕಾಲ ಆರು ಗಂಟೆಗೆ, ಬ್ರಾಂದಿ ಅಂಗಡಿಯಲ್ಲಿ ಲೈಟು ಹತ್ತೋ ಹೊತ್ತಿಗೇ, ಭವನದಲ್ಲೂ ಲೈಟು ಹತ್ತಲಿ. ಒಂದು ಪೇಪರು, ಒಂದು ಕೇರಂ ಬೋರ್ಡು, ಒಂದು ಹಲಗೆ, ಒಂದು ಕೊಡ ನೀರು, ಒಂದು ಕೆಟಲ್ ಟೀ. ಹೆಂಗಸರಿಗೂ ಮಕ್ಕಳಿಗೂ ಜಾಗ. ಕೂಲಿ ಅರ್ಜಿ, ಪಹಣಿ ಅರ್ಜಿ, ಪಿಂಚಣಿ ಅರ್ಜಿ ಬರೆದುಕೊಡೋಕೆ ಓದಿದ ಒಬ್ಬ ಹುಡುಗ, ಒಬ್ಬಳು ಹುಡುಗಿ. ಬಂದವರನ್ನ ಹೆಸರು ಹಿಡಿದು, 'ಅಣ್ಣ ಬಾ, ಅವ್ವ ಕೂತ್ಕೋ' ಅಂತ ಕರೀಬೇಕು. ಕುಡಿದು ಬಂದವನನ್ನೂ ಆಚೆಗೆ ದಬ್ಬಬೇಡಿ. ದಬ್ಬಿಸಿಕೊಂಡು ದಬ್ಬಿಸಿಕೊಂಡೇ ಅವನು ಅಲ್ಲಿಗೆ ಹೋಗಿದ್ದು.

ಮಾಲೀಕ ಹೆದರೋದು ಪೊಲೀಸಿಗಲ್ಲ, ಪೊಲೀಸಿನ ರೇಟು ಅವನಿಗೆ ಗೊತ್ತು. ಅವನು ಹೆದರೋದು ಎದುರಿಗೆ ಇನ್ನೊಂದು ಬಾಗಿಲು ತೆರೆದಾಗ. ಅಂಗಡಿ ಸೋಲೋದು ಆವತ್ತು.

ಟೇಪು ಹಿಡಿಯಿರಿ! ಬೀಗದ ಕೈ ಕೇಳಿರಿ!
ಹೆಂಡ ಬೇಡ, ಭೂಮಿ ಬೇಕು, ಶಾಲೆ ಬೇಕು!

ಜೈಭೀಮ್.