ಡಬ್ಬಿಯ ಚಿಲ್ಲರೆ ಮತ್ತು ಶ್ರಾವಕನ ವ್ರತ

ಮನೆಯಲ್ಲಿ ಕೂಡಿಬಿದ್ದ ಚಿಲ್ಲರೆ ನಾಣ್ಯಗಳು ಧರ್ಮಚರ್ಚೆಗೆ ತಕ್ಕ ವಿಷಯವಲ್ಲವೆಂದು ಕೆಲವರು ನಗಬಹುದು. ದೇವರ ಗೂಡಿನ ಪಕ್ಕದ ಹಿತ್ತಾಳೆ ಚೊಂಬು, ಅಡುಗೆಮನೆಯ ಹಳೆಯ ಬಿಸ್ಕತ್ತಿನ ಡಬ್ಬಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲೆ, ಎಲ್ಲೆಡೆಯೂ ವರ್ಷಗಳಿಂದ ಕದಲದ ನಾಣ್ಯಗಳಿರುತ್ತವೆ. ‘ಅದೇನು ಮಹಾ, ಚಿಲ್ಲರೆಯಲ್ಲವೇ?’ ಎಂಬ ಮಾತಿನಲ್ಲಿಯೇ ದೋಷದ ಬೇರು ಅಡಗಿದೆ.

ಹನಿಗೂಡಿದರೆ ಹಳ್ಳವೆಂದು ಹಿರಿಯರು ಹೇಳಿಲ್ಲವೇ ಎಂದು ಡಬ್ಬಿಯ ಪಕ್ಷದವರು ವಾದಿಸುತ್ತಾರೆ. ನಿಜ, ಆದರೆ ಹಳ್ಳದ ಧರ್ಮ ಹರಿಯುವುದು. ಒಂದು ಡಬ್ಬಿಯಲ್ಲಿ 500 ಒಂದು ರೂಪಾಯಿಯ, 300 ಎರಡು ರೂಪಾಯಿಯ, 120 ಐದು ರೂಪಾಯಿಯ ನಾಣ್ಯಗಳಿದ್ದರೆ ಒಟ್ಟು 1,700 ರೂಪಾಯಿ. ಅದು ಬಡ್ಡಿ ತರುವುದಿಲ್ಲ, ದಾನವಾಗುವುದಿಲ್ಲ, ಬೀದಿಯ ತರಕಾರಿಯವಳಿಗೆ ಚಿಲ್ಲರೆಯಾಗಿಯೂ ಒದಗುವುದಿಲ್ಲ. ಇದು ಉಳಿತಾಯವಲ್ಲ, ಸೆರೆ.

ಮರೆತ ನಾಣ್ಯದ ಮೇಲೆ ಮೋಹವೆಲ್ಲಿಯದು ಎಂಬುದು ಇನ್ನೊಂದು ಆಕ್ಷೇಪ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನ ಬೆಲೆಯಿಂದ ಅಳೆಯದೆ ಮೂರ್ಛೆಯಿಂದ ಅಳೆದಿದೆ. ಅದೇ ಡಬ್ಬಿಗೆ ಕೆಲಸದವಳ ಮಗು ಕೈಯಿಟ್ಟರೆ ಮನೆಯೊಡೆಯನಿಗೆ ಏಳುವ ಕೋಪವು ಯಾವುದರ ಗುರುತು? ಇರಲಿ, ಮೂರ್ಛೆಯಿಲ್ಲವೆಂದೇ ಒಪ್ಪೋಣ, ಪ್ರಮಾದವಂತೂ ಇದೆ. ಇರುವುದೆಷ್ಟೆಂದು ಎಣಿಸದವನು ಪರಿಮಾಣವ್ರತವನ್ನು ಪಾಲಿಸುವುದಾದರೂ ಹೇಗೆ?

ಈ ಪ್ರಮಾದದ ಫಲವನ್ನು 2011 ತೋರಿಸಿಕೊಟ್ಟಿತು. ಆ ವರ್ಷದ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ಚಲಾವಣೆಯಿಂದ ರದ್ದಾದವು. ಅದಕ್ಕೆ ಮೊದಲು ಬ್ಯಾಂಕುಗಳಲ್ಲಿ ಬದಲಿಸಿಕೊಳ್ಳುವ ಅವಕಾಶವಿತ್ತು. ಡಬ್ಬಿ ತೆರೆಯದವರಿಗೆ ಅದು ದಕ್ಕಲಿಲ್ಲ. ಹಾಗೆ ಸತ್ತ ನಾಣ್ಯಗಳನ್ನು ಬಸದಿಯ ಹುಂಡಿಗೆ ಸುರಿದು ಪುಣ್ಯ ಎಣಿಸುವವರ ಬಗ್ಗೆ ಏನೆನ್ನಬೇಕು? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಕೀಳನ್ನು ಮೇಲೆಂದು ನೀಡುವುದು. ಅಂಗಡಿಯವನು ಒಪ್ಪದ ನಾಣ್ಯವನ್ನು ಜಿನಾಲಯವು ಒಪ್ಪಲಿ ಎಂಬುದು ತ್ಯಾಗವಲ್ಲ, ಕಸ ಚೆಲ್ಲುವ ಉಪಾಯ.

ವರ್ತಕ ಶ್ರಾವಕರೂ ಈ ದೋಷಕ್ಕೆ ಹೊರತಲ್ಲ. ಗಲ್ಲದಲ್ಲಿ ನಾಣ್ಯವಿದ್ದೂ ಇಲ್ಲವೆಂದು ಗಿರಾಕಿಯ ಕೈಗೆ ಪೆಪ್ಪರಮೆಂಟು ತುರುಕುವುದು ಅಸತ್ಯ; ಅವನು ಕೊಡದ ರೂಪಾಯಿಯನ್ನು ಉಳಿಸಿಕೊಳ್ಳುವುದು ಅದತ್ತಾದಾನ. ಹತ್ತು ರೂಪಾಯಿಯ ನಾಣ್ಯವನ್ನು ಖೋಟಾ ಎಂದು ತಳ್ಳುವವರೂ ಇದ್ದಾರೆ. ಆ ನಾಣ್ಯದ 14 ಮಾದರಿಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿತು. 50 ಪೈಸೆಯ ನಾಣ್ಯವನ್ನು ಸಹ ಸರ್ಕಾರ ರದ್ದುಮಾಡಿಲ್ಲ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ದೊಡ್ಡದು. ಬ್ಯಾಂಕಿನವರು ಮುಖ ಸಿಂಡರಿಸುತ್ತಾರೆಂದು ಹುಂಡಿಯ ನಾಣ್ಯಗಳನ್ನು ಚೀಲಗಳಲ್ಲಿ ಕೂಡಿಡುವುದು ದೇವದ್ರವ್ಯದ ಅಲಕ್ಷ್ಯ. 2011ರ ನಾಣ್ಯ ಕಾಯಿದೆಯ 1,000 ರೂಪಾಯಿಯ ಮಿತಿಯು ಸಾಲ, ಬೆಲೆಗಳ ಪಾವತಿಗೆ ಸಂಬಂಧಿಸಿದ್ದು. ಖಾತೆಗೆ ನಾಣ್ಯ ಜಮೆಮಾಡಲು ರಿಸರ್ವ್ ಬ್ಯಾಂಕು ಮಿತಿ ಹಾಕಿಲ್ಲ. ನೂರು ನೂರರಂತೆ ಚಿಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಟ್ಟರೆ ಬ್ಯಾಂಕಿಗೂ ಅನುಕೂಲ. ಅದಕ್ಕೂ ಮೊದಲು, ಚಿಲ್ಲರೆಗಾಗಿ ಪರದಾಡುವ ನೆರೆಯ ಸಣ್ಣ ಅಂಗಡಿಗಳಿಗೆ ನೋಟಿನ ಬದಲಿಗೆ ಅದನ್ನು ಕೊಡುವುದು ಲೇಸು. ಬಟವಾಡೆಗೆ ಕಮಿಷನ್ ಕೇಳಬಾರದಷ್ಟೇ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ಪ್ರವಚನ ಕೇಳಿ ತಲೆದೂಗುವ ಶ್ರಾವಕನು ಪರ್ವಕ್ಕೆ ಮುನ್ನ ಒಂದು ಸಂಜೆ ಡಬ್ಬಿಯನ್ನು ಚಾಪೆಯ ಮೇಲೆ ಸುರಿಯಲಿ. ಮಕ್ಕಳೊಡನೆ ಎಣಿಸಿ, ಮೊತ್ತವನ್ನು ಲೆಕ್ಕದ ಪುಸ್ತಕದಲ್ಲಿ ಬರೆದು, ಚಲಿಸುವುದನ್ನು ಚಲಿಸಲು ಬಿಡಲಿ. ರೂಪಾಯಿಯನ್ನು ಬಿಡಲಾರದವನು ಲಕ್ಷವನ್ನು ಬಿಟ್ಟೇನೆಂದು ಹೇಳಿದರೆ ಯಾರು ನಂಬುತ್ತಾರೆ?