ಗೂಡು ಬೆಳ್ಳೂರಿನದು, ಕೆರೆ ನಮ್ಮದು



ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಊರ ನಡುವಿನ ಹುಣಸೆ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಗೂಡು ಕಟ್ಟಿ ಮರಿ ಮಾಡುತ್ತವೆ. ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ. ಅದಕ್ಕೆ ಎಷ್ಟೋ ಮೊದಲಿನಿಂದ ಈ ಹಕ್ಕಿಗಳನ್ನು ಕಾದವರು ಅಲ್ಲಿನ ಒಕ್ಕಲುಮಕ್ಕಳು.

ಕಾಯುವುದಕ್ಕೂ ಖರ್ಚುಂಟು. ಹುಣಸೆ ಬಡಿಯುವ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುತ್ತವೆ. ಮರದ ಒಡೆಯ ಫಸಲಿನ ಆಸೆ ಬಿಡಬೇಕು. ಅರಣ್ಯ ಇಲಾಖೆ ಇದಕ್ಕೆ ಪರಿಹಾರ ಕೊಡುತ್ತ ಬಂದಿದೆ. ಅದು ಪೇಟೆಯ ಹುಣಸೆ ಧಾರಣೆಯೊಡನೆ ಏರಬೇಕೆಂಬುದು ನನ್ನ ಅಭಿಪ್ರಾಯ. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಯ ಗೋಡು ಮಣ್ಣು ಬೆರೆಸಿ ಒಳ್ಳೆಯ ಗೊಬ್ಬರ ಮಾಡಿಕೊಳ್ಳುವವರೂ ಇದ್ದಾರೆ. ಬೇಸಿಗೆಯ ನಾತ ಸಹಿಸಿದವರಿಗೆ ಅಷ್ಟಾದರೂ ದಕ್ಕಲಿ!

ಮಂಡ್ಯ, ಮಳವಳ್ಳಿ ಕಡೆಯವರೇ, ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನಬೇಡಿ. ಈ ಹಕ್ಕಿಗಳು ಮೀನಿಗಾಗಿ ಶಿಂಷಾ ಹೊಳೆಗೂ ಸುತ್ತಲಿನ ಕೆರೆಗಳಿಗೂ ಹಾರುತ್ತವೆ. 2017-18ರಲ್ಲಿ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಜಂತುಹುಳುವಿನ ಬಾಧೆಯಿಂದ ಸತ್ತವು. ಆ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿಂದ ಮೀನಿನಿಂದಲೇ. ಕೆರೆ ಕೆಟ್ಟರೆ ಮರ ಕಾದವರ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ.

ಆದ್ದರಿಂದ ಔಷಧಿ ಹೊಡೆದ ಸ್ಪ್ರೇಯರನ್ನು ಕೆರೆಯಲ್ಲಾಗಲಿ ಕಾಲುವೆಯಲ್ಲಾಗಲಿ ತೊಳೆಯಬೇಡಿ. ಖಾಲಿ ಡಬ್ಬಗಳನ್ನು ಅಲ್ಲಿ ಎಸೆಯಬೇಡಿ. ಊರ ಕೊಳಚೆ ಕೆರೆಗೆ ಹರಿಯುತ್ತಿದ್ದರೆ ಪಂಚಾಯಿತಿಯಲ್ಲಿ ಕೇಳಿ. ಏರಿಯ ಮೇಲಿನ ಹಳೆಯ ಮರಗಳಿಗೆ ಕೊಡಲಿ ಹಾಕಬೇಡಿ. ಹುಣಸೆ ಸಸಿ ಗೂಡು ಹೊರುವ ಮರವಾಗಲು ಒಂದು ತಲೆಮಾರೇ ಬೇಕು. ಬದುವಿನಲ್ಲಿ ಜಾಗವಿದ್ದವರು ಈ ಮುಂಗಾರಿಗೇ ಎರಡು ಸಸಿ ನೆಡಿ.